ಹಿತ್ತಲಿನ ಏಲಕ್ಕಿ ಸೊಂಪಾಗಿದೆ, ಕಾಯಿ ಏಕಿಲ್ಲ?

ಪ್ರಶ್ನೆ: ನಮ್ಮದು ಶಿರಸಿ ಸಮೀಪದ ಹಳ್ಳಿ. ಮನೆಯ ಹಿತ್ತಲಿನಲ್ಲಿ ಒಂದು ಹಲಸಿನ ಮರ ಮತ್ತು ಎರಡು ಮಾವಿನ ಮರಗಳ ನೆರಳಿನಲ್ಲಿ ಮೂರು ವರ್ಷಗಳ ಹಿಂದೆ ಐದು ಏಲಕ್ಕಿ ಸಸಿಗಳನ್ನು ನೆಟ್ಟಿದ್ದೇವೆ. ಗಿಡಗಳು ಆಳೆತ್ತರ ಮೀರಿ ಬೆಳೆದಿವೆ. ಆದರೆ ಕಳೆದ ವರ್ಷ ಬುಡದಲ್ಲಿ ನಾಲ್ಕಾರು ಹೂ ಕಂಡದ್ದು ಬಿಟ್ಟರೆ ಕಾಯಿ ಮಾತ್ರ ಕಟ್ಟಿಲ್ಲ. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಹಳೆಯ ದಂಟುಗಳನ್ನು ಕಡಿದು, ಗೊಬ್ಬರ ಹಾಕಿ, ಬುಡಕ್ಕೆ ಮಣ್ಣು ಏರಿಸುತ್ತೇವೆ. ಬೇಸಿಗೆಯಲ್ಲಿ ಬಾವಿಯ ನೀರು ಕಡಿಮೆಯಾಗುವುದರಿಂದ ವಾರಕ್ಕೊಮ್ಮೆ ಬುಡಕ್ಕೊಂದು ಕೊಡ ನೀರು ಕೊಡುತ್ತೇವೆ. ನೆರಳು ಹೆಚ್ಚಾಗಿರುವುದೇ ಕಾರಣ, ಹಲಸಿನ ಮರವನ್ನು ಕಡಿಸೋಣ ಎಂದು ಮನೆಯವರು ಹೇಳುತ್ತಿದ್ದಾರೆ. ಮರ ಕಡಿಯಬೇಕೆ? ಅಡುಗೆಮನೆಯ ಏಲಕ್ಕಿಯಿಂದ ಇನ್ನಷ್ಟು ಸಸಿ ಮಾಡಿಕೊಳ್ಳಬಹುದೆ?

ಉತ್ತರ: ದಯವಿಟ್ಟು ಹಲಸಿನ ಮರವನ್ನು ಕಡಿಸಬೇಡಿ. ನೀವು ಬರೆದಿರುವ ವಿವರಗಳನ್ನು ನೋಡಿದರೆ ತೊಂದರೆಯ ಹೆಚ್ಚಿನ ಪಾಲು ಇರುವುದು ಗಿಡದ ಬುಡದಲ್ಲಿ, ಅದರಲ್ಲೂ ಜನವರಿಯಿಂದ ಮೇ ತನಕದ ಬಿಸಿಲುಗಾಲದಲ್ಲಿ ಆ ಬುಡಕ್ಕೆ ಸಿಗುತ್ತಿರುವ ಆರೈಕೆಯಲ್ಲಿ. ನೆರಳಿನ ಪಾತ್ರವೂ ಸ್ವಲ್ಪ ಇದೆ, ಆದರೆ ಅದನ್ನು ಕೊಂಬೆ ಸವರಿ ಸರಿಪಡಿಸಬಹುದು. ಮರ ಹೋದರೆ ಏಲಕ್ಕಿಯೂ ಹೋಗುತ್ತದೆ.

ಏಲಕ್ಕಿ ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡಿನ ನೆಲದಲ್ಲಿ ತಾನಾಗಿ ಬೆಳೆಯುವ ಬಹುವಾರ್ಷಿಕ ಗಿಡ. ಶುಂಠಿ, ಅರಿಶಿನಗಳ ಕುಟುಂಬಕ್ಕೆ ಸೇರಿದ್ದು. ಎತ್ತರದ ಮರಗಳ ಎಲೆಗಳ ನಡುವೆ ಜರಡಿ ಹಿಡಿದಂತೆ ಇಳಿಯುವ ಬೆಳಕು, ವರ್ಷವಿಡೀ ತೇವವಾಗಿರುವ ಗಾಳಿ, ಕೊಳೆತ ತರಗೆಲೆಗಳಿಂದ ಆದ ಸಡಿಲವಾದ ಕಪ್ಪು ಮಣ್ಣು, ಎಷ್ಟು ಮಳೆ ಸುರಿದರೂ ನೀರು ನಿಲ್ಲದ ಇಳಿಜಾರು, ಇವು ನಾಲ್ಕೂ ಸೇರಿದ ಜಾಗ ಅದರ ತವರು. ಸಾಮಾನ್ಯವಾಗಿ ಸಮುದ್ರಮಟ್ಟದಿಂದ 600ರಿಂದ 1,200 ಮೀಟರ್ ಎತ್ತರದಲ್ಲಿ, ವರ್ಷಕ್ಕೆ 1,500 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವಲ್ಲಿ ಅದು ಚೆನ್ನಾಗಿ ಬರುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕಡೆ ಎತ್ತರ ಇದರ ಕೆಳ ಅಂಚಿನ ಆಸುಪಾಸಿನಲ್ಲಿದೆ. ಆದರೂ ಅಲ್ಲಿನ ಅಡಿಕೆ ತೋಟಗಳ ತಂಪಿನಲ್ಲಿ ಏಲಕ್ಕಿಯನ್ನು ಮಿಶ್ರಬೆಳೆಯಾಗಿ ಬೆಳೆದುಕೊಂಡು ಬಂದವರಿದ್ದಾರೆ. ಆದ್ದರಿಂದ ನಿಮ್ಮ ಊರಿನ ಹವೆಯ ಬಗ್ಗೆ ಅನುಮಾನ ಬೇಡ.

ಬೇರೆ ಓದುಗರಿಗಾಗಿ ಇಲ್ಲಿ ಒಂದು ಮಾತು ಸೇರಿಸುತ್ತೇನೆ. ಬಯಲುಸೀಮೆಯ ಪೇಟೆಗಳಲ್ಲಿ ಏಲಕ್ಕಿ ಗಿಡವೆಂದು ಕುಂಡದಲ್ಲಿ ಬೆಳೆಸುತ್ತಿರುವ ಎಷ್ಟೋ ಗಿಡಗಳು ಏಲಕ್ಕಿಯೇ ಅಲ್ಲ. ಅದೇ ಕುಟುಂಬದ ಆಲ್ಪೀನಿಯ ಎಂಬ ಅಲಂಕಾರಿಕ ಗಿಡದ ಒಂದು ಜಾತಿಯ ಎಲೆಯನ್ನು ಉಜ್ಜಿದರೆ ಏಲಕ್ಕಿಯ ಪರಿಮಳ ಘಮ್ಮೆಂದು ಬರುತ್ತದೆ. ನರ್ಸರಿಗಳಲ್ಲಿ ಅದು ಏಲಕ್ಕಿ ಎಂಬ ಹೆಸರಿನಲ್ಲೇ ಮಾರಾಟವಾಗುತ್ತದೆ. ಅದರ ಎಲೆ ದಪ್ಪ, ಹೊಳಪು ಹೆಚ್ಚು, ಗಿಡ ಕುಳ್ಳು. ನಿಜವಾದ ಏಲಕ್ಕಿ ಎರಡು ಮೀಟರಿಗಿಂತ ಎತ್ತರ ಬೆಳೆಯುತ್ತದೆ. ತಪ್ಪದ ಗುರುತೆಂದರೆ ಹೂ ಬರುವ ಜಾಗ: ಆಲ್ಪೀನಿಯದ ಹೂಗೊಂಚಲು ಎಲೆಯಿರುವ ದಂಟಿನ ತುದಿಯಲ್ಲಿ ಬರುತ್ತದೆ, ಏಲಕ್ಕಿಯದು ನೆಲಕ್ಕೆ ತಾಗಿದಂತೆ ಬುಡದಿಂದ ಹೊರಡುತ್ತದೆ. ನಿಮ್ಮ ಗಿಡಗಳಲ್ಲಿ ಬುಡದಲ್ಲೇ ಹೂ ಕಂಡಿರುವುದರಿಂದ ಅವು ಏಲಕ್ಕಿಯೇ ಎಂಬುದರಲ್ಲಿ ಸಂದೇಹವಿಲ್ಲ.

ಈ ಬುಡದ ರಚನೆಯನ್ನು ಸ್ವಲ್ಪ ವಿವರವಾಗಿ ತಿಳಿದುಕೊಂಡರೆ ಮಿಕ್ಕ ಎಲ್ಲ ಸಲಹೆಗಳೂ ತಾವಾಗಿ ಅರ್ಥವಾಗುತ್ತವೆ. ನಾವು ದಂಟು ಎನ್ನುವುದು ನಿಜವಾದ ಕಾಂಡವಲ್ಲ, ಬಾಳೆಯಲ್ಲಿರುವಂತೆ ಎಲೆಗಳ ಬುಡ ಒಂದರೊಳಗೊಂದು ಸುತ್ತಿಕೊಂಡು ಆದದ್ದು. ನಿಜವಾದ ಕಾಂಡ ಮಣ್ಣಿನ ಮೇಲ್ಪದರದಲ್ಲಿ ಅಡ್ಡಲಾಗಿ ಸಾಗುವ ಗೆಡ್ಡೆ. ಆ ಗೆಡ್ಡೆಯಿಂದ ಹೊಸ ಕಂದು ಹುಟ್ಟುತ್ತದೆ. ಕಂದು ಬೆಳೆದು ದಂಟಾಗಲು ಸುಮಾರು ಹತ್ತು ತಿಂಗಳು ಬೇಕು. ಹಾಗೆ ಬಲಿತು ಹೆಚ್ಚುಕಡಿಮೆ ಒಂದು ವರ್ಷ ತುಂಬಿದ ದಂಟಿನ ಬುಡದಿಂದ ಹೂಗೊಂಚಲು ಹೊರಡುತ್ತದೆ, ಸಾಮಾನ್ಯವಾಗಿ ಒಂದು ದಂಟಿಗೆ ಎರಡರಂತೆ. ಕಾಯಿ ಬಿಟ್ಟ ದಂಟು ಕ್ರಮೇಣ ಸೊರಗಿ ಒಣಗುತ್ತದೆ, ಆ ಹೊತ್ತಿಗೆ ಪಕ್ಕದಲ್ಲಿ ಮುಂದಿನ ಪೀಳಿಗೆ ಸಿದ್ಧವಾಗಿರುತ್ತದೆ. ಅಂದರೆ ಒಂದು ಬುಡದಲ್ಲಿ ಯಾವಾಗಲೂ ಎಳೆಯ ಕಂದು, ಬಲಿತ ದಂಟು, ಕಾಯಿ ಮುಗಿಸಿದ ದಂಟು, ಈ ಮೂರೂ ಜೊತೆಯಾಗಿರುತ್ತವೆ.

ಈಗ ನಿಮ್ಮ ಪದ್ಧತಿಯನ್ನು ನೋಡಿ. ಮಳೆ ಮುಗಿದ ಮೇಲೆ ನೀವು "ಹಳೆಯ" ದಂಟುಗಳನ್ನು ಕಡಿಯುತ್ತೀರಿ. ಕಾಯಿಯನ್ನೇ ಬಿಡದ ಬುಡದಲ್ಲಿ ಅಕ್ಟೋಬರ್–ನವೆಂಬರಿನ ಹೊತ್ತಿಗೆ ಹಳೆಯದಾಗಿ ಕಾಣುವ ದಂಟು ಯಾವುದು? ಮುಂದಿನ ಜನವರಿಯಲ್ಲಿ ಹೂಗೊಂಚಲು ಹೊರಡಿಸಬೇಕಾದ, ಹತ್ತು ಹನ್ನೆರಡು ತಿಂಗಳು ಬಲಿತ ದಂಟೇ ಅದು. ಕೆಳಗಿನ ಎಲೆಗಳು ಹಳದಿಯಾಗಿ, ಮಳೆಗೆ ಹರಿದು, ನೋಡಲು ಚೆಂದವಿಲ್ಲದ ಕಾರಣ ಅದನ್ನು ಕಡಿಯುವ ಮನಸ್ಸಾಗುತ್ತದೆ. ಕಡಿದಾಗ ಉಳಿಯುವುದು ಎಳೆಯ ಕಂದುಗಳು ಮಾತ್ರ. ಅವು ಮತ್ತೆ ಸೊಂಪಾಗಿ ಬೆಳೆಯುತ್ತವೆ, ಮತ್ತೆ ಬಲಿಯುವ ಹೊತ್ತಿಗೆ ಕತ್ತಿ ಬರುತ್ತದೆ. ಹಸಿರು ಹೆಚ್ಚಿದ್ದು ಕಾಯಿ ಇಲ್ಲದ ಸ್ಥಿತಿಗೆ ಇದು ಮೊದಲ ಕಾರಣವೆಂದು ನನ್ನ ಅಂದಾಜು.

ಇನ್ನು ಮುಂದೆ ದಂಟನ್ನು ತೆಗೆಯಬೇಕಾದರೆ ಎರಡು ಲಕ್ಷಣಗಳನ್ನು ನೋಡಿ. ಆ ದಂಟಿನ ಬುಡದಲ್ಲಿ ಕಾಯಿ ಕೊಯ್ದ ಹಳೆಯ ಗೊಂಚಲಿನ ಒಣಗಿದ ಕಡ್ಡಿ ಇರಬೇಕು, ಮತ್ತು ದಂಟು ಸ್ವತಃ ಒಣಗುತ್ತಾ ಬಂದಿರಬೇಕು. ಎರಡೂ ಇದ್ದರೆ ನೆಲಮಟ್ಟಕ್ಕೆ ಕತ್ತರಿಸಿ. ಒಣಗಿದ ಎಲೆ, ದಂಟಿಗೆ ಅಂಟಿಕೊಂಡು ಒಣಗಿದ ಎಲೆಕವಚ ಇವುಗಳನ್ನು ವರ್ಷಕ್ಕೊಮ್ಮೆ, ಮುಂಗಾರಿಗೆ ಮುಂಚೆ, ಕೈಯಿಂದ ಬಿಡಿಸಿ ತೆಗೆದರೆ ಸಾಕು. ಹಸಿರು ಕವಚವನ್ನು ಎಳೆದು ಕೀಳಬಾರದು. ಅದು ದಂಟಿನ ಭಾಗವೇ ಆಗಿರುವುದರಿಂದ ಗಾಯವಾಗುತ್ತದೆ.

ಎರಡನೆಯದು ಮಣ್ಣು ಏರಿಸುವ ವಿಷಯ. ಶುಂಠಿಗೆ, ಕೆಸುವಿಗೆ ಮಣ್ಣು ಏರಿಸಿದ ರೂಢಿಯಿಂದ ಏಲಕ್ಕಿಗೂ ಹಾಗೆಯೇ ಮಾಡುವವರು ಬಹಳ. ಆದರೆ ಶುಂಠಿಯಲ್ಲಿ ನಮಗೆ ಬೇಕಾದದ್ದು ಗೆಡ್ಡೆ, ಏಲಕ್ಕಿಯಲ್ಲಿ ಬೇಕಾದದ್ದು ಗೆಡ್ಡೆಯ ಪಕ್ಕದಿಂದ ಹೊರಬರುವ ಹೂಗೊಂಚಲು. ಗೆಡ್ಡೆಯ ಮೇಲೆ ನಾಲ್ಕು ಬೆರಳು ಮಣ್ಣು ಕೂತರೆ ಗೊಂಚಲಿನ ಮೊಗ್ಗು ಅದನ್ನು ತೂರಿಕೊಂಡು ಬರಲಾಗದೆ ಒಳಗೇ ಕೊಳೆಯುತ್ತದೆ. ಬಂದರೂ ಅದರ ಮೊದಲ ಗೆಣ್ಣುಗಳು ಮಣ್ಣಿನೊಳಗೆ ಉಳಿದು ಅಲ್ಲಿನ ಹೂಗಳು ನಷ್ಟವಾಗುತ್ತವೆ. ಮಳೆಗಾಲದಲ್ಲಿ ಇದೇ ಮಣ್ಣು ದಂಟಿನ ಕೊರಳನ್ನು ಸದಾ ಹಸಿಯಾಗಿಟ್ಟು ಗೆಡ್ಡೆ ಕೊಳೆಗೆ ದಾರಿ ಮಾಡಿಕೊಡುತ್ತದೆ. ಹಾಗೆಂದು ಮಣ್ಣು ಹಾಕುವುದೇ ತಪ್ಪೆಂದಲ್ಲ. ಮಳೆಗೆ ಮೇಲ್ಮಣ್ಣು ಕೊಚ್ಚಿಹೋಗಿ ಬೇರು ಹೊರಗೆ ಕಾಣುತ್ತಿದ್ದರೆ ಡಿಸೆಂಬರ್ ಸುಮಾರಿಗೆ ಕಾಡುಮಣ್ಣನ್ನೋ ಗೊಬ್ಬರ ಬೆರೆತ ಮೇಲ್ಮಣ್ಣನ್ನೋ ತೆಳ್ಳಗೆ ಹರಡಬಹುದು. ಅದು ಬೇರು ಮುಚ್ಚುವಷ್ಟಿರಲಿ, ದಂಟಿನ ಕೊರಳನ್ನು ದಾಟದಿರಲಿ.

ಈ ಕೆಲಸ ನಾಳೆಯೇ ಶುರುಮಾಡಬಹುದು. ಒಂದು ಬುಡದ ಮುಂದೆ ಕುಳಿತು, ಗುದ್ದಲಿಯನ್ನು ದೂರವಿಟ್ಟು, ಬೆರಳುಗಳಿಂದಲೇ ಮಣ್ಣನ್ನೂ ತರಗನ್ನೂ ಮೆಲ್ಲಗೆ ಸರಿಸಿ. ದಂಟು ಮತ್ತು ಗೆಡ್ಡೆ ಸೇರುವ ಜಾಗದಲ್ಲಿ ಚಿಗುರಿನಂಥ ಎರಡು ಬಗೆಯ ಮೊನೆಗಳು ಕಾಣಬಹುದು. ದಪ್ಪಗೆ, ಶಂಕುವಿನಾಕಾರದಲ್ಲಿ ಮೇಲ್ಮುಖವಾಗಿ ತಿರುಗಿರುವುದು ಮುಂದೆ ದಂಟಾಗುವ ಕಂದು. ತೆಳ್ಳಗೆ, ಹತ್ತಿರ ಹತ್ತಿರ ಗೆಣ್ಣುಗಳಿದ್ದು, ಒಂದೊಂದು ಗೆಣ್ಣಿಗೂ ಸಣ್ಣ ಹೊದಿಕೆ ಸುತ್ತಿಕೊಂಡು ಪಕ್ಕಕ್ಕೆ ಚಾಚಿರುವುದು ಹೂಗೊಂಚಲು. ನಿಮ್ಮ ಭಾಗದಲ್ಲಿ ಹೆಚ್ಚಾಗಿರುವ ಮಲಬಾರ್ ಬಗೆಯಲ್ಲಿ ಈ ಗೊಂಚಲು ನೆಲದ ಮೇಲೆಯೇ ಮಲಗಿ ಸಾಗುತ್ತದೆ. ಮೈಸೂರು ಎಂದು ಕರೆಯುವ ಬಗೆಯಲ್ಲಿ ನೆಟ್ಟಗೆ ನಿಲ್ಲುತ್ತದೆ, ವಳುಕ್ಕ ಎಂಬುದರಲ್ಲಿ ಎರಡರ ನಡುವೆ ಓರೆಯಾಗಿರುತ್ತದೆ. ಮಲಗಿ ಸಾಗುವ ಗೊಂಚಲನ್ನು ಗುರುತಿಸದೆ ಬೇರೆಂದು ತಿಳಿದು ತುಳಿಯುವುದು, ಗುಡಿಸುವಾಗ ಮುರಿಯುವುದು ಮನೆಯಂಗಳದ ಏಲಕ್ಕಿಯಲ್ಲಿ ಸಾಮಾನ್ಯ. ಗೊಂಚಲು ಕಂಡ ದಿನವೇ ಪಕ್ಕದಲ್ಲಿ ಒಂದು ಗೂಟ ನೆಟ್ಟರೆ ಮನೆಮಂದಿಗೆಲ್ಲ ಗುರುತಾಗುತ್ತದೆ.

ಮೂರನೆಯದು ನೀರು. ನನಗೆ ಇದು ಎಲ್ಲಕ್ಕಿಂತ ದೊಡ್ಡ ಕಾರಣವಾಗಿ ಕಾಣುತ್ತದೆ. ಮಲೆನಾಡಿನವರಿಗೆ ಏಲಕ್ಕಿ ಎಂದರೆ ಮಳೆಯ ಗಿಡವೆಂಬ ಭಾವನೆ ಇದೆ. ಮಳೆಯಲ್ಲಿ ಅದು ಬೆಳೆಯುವುದು ನಿಜ, ಆದರೆ ಫಸಲು ನಿರ್ಧಾರವಾಗುವುದು ಬೇಸಿಗೆಯಲ್ಲಿ. ಜನವರಿಯಿಂದ ಹೂಗೊಂಚಲುಗಳು ಹೊರಡಲು ಆರಂಭಿಸಿ ಮೇ ತನಕ ಉದ್ದವಾಗುತ್ತಾ ಹೋಗುತ್ತವೆ. ಮುಂದಿನ ವರ್ಷದ ದಂಟುಗಳಾಗಬೇಕಾದ ಕಂದುಗಳ ಮೊಗ್ಗುಗಳೂ ಬಹುಪಾಲು ಇದೇ ತಿಂಗಳುಗಳಲ್ಲಿ ಮೂಡುತ್ತವೆ. ಬೇರುಗಳು ಮಣ್ಣಿನ ಮೇಲಿನ ಒಂದೂಕಾಲು ಅಡಿಯೊಳಗೇ ಹರಡಿಕೊಂಡಿರುವುದರಿಂದ ಆಳದ ತೇವ ಅವಕ್ಕೆ ಎಟುಕುವುದಿಲ್ಲ. ಉತ್ತರ ಕನ್ನಡದಲ್ಲಿ ಹಿಂಗಾರು ಕೈಕೊಟ್ಟರೆ ನವೆಂಬರಿನಿಂದ ಮೇ ತನಕ ಏಳು ತಿಂಗಳು ಒಣಹವೆ. ಆಗ ದಂಟು ಹೇಗೋ ಹಸಿರಾಗಿ ಬದುಕಿಕೊಳ್ಳುತ್ತದೆ, ಗೊಂಚಲು ಮಾತ್ರ ಗೇಣುದ್ದ ಬಂದು ತುದಿ ಒಣಗಿ ನಿಲ್ಲುತ್ತದೆ. ಬುಡದಲ್ಲಿ ನಾಲ್ಕಾರು ಹೂ ಬಂದು ಮುಂದೆ ಏನೂ ಆಗಲಿಲ್ಲ ಎಂದು ನೀವು ಬರೆದದ್ದು ಹೆಚ್ಚುಕಡಿಮೆ ಇದೇ ಚಿತ್ರ.

ಫಸಲು ಬಿಡುವ ಬುಡಕ್ಕೆ ಬೇಸಿಗೆಯಲ್ಲಿ ದಿನಕ್ಕೆ 4ರಿಂದ 6 ಲೀಟರ್ ನೀರೆಂಬುದು ತೋಟಗಳಲ್ಲಿ ಹನಿ ನೀರಾವರಿಗೆ ಹೇಳುವ ಲೆಕ್ಕ. ವಾರಕ್ಕೊಂದು ಕೊಡವೆಂದರೆ ದಿನಕ್ಕೆ ಎರಡು ಲೀಟರಿಗೂ ಕಡಿಮೆ, ಅದೂ ಒಮ್ಮೆಲೇ ಸುರಿದಾಗ ಅರ್ಧದಷ್ಟು ಹರಿದು ಹೋಗುತ್ತದೆ. ನಿಮ್ಮ ಐದು ಬುಡಗಳಿಗೆ ದಿನಕ್ಕೆ 25 ಲೀಟರಿನ ಆಸುಪಾಸು ಬೇಕಾಗುತ್ತದೆ. ಅಕ್ಕಿ, ತರಕಾರಿ ತೊಳೆದ ನೀರನ್ನು ಸರದಿಯಂತೆ ಈ ಬುಡಗಳಿಗೆ ತಿರುಗಿಸಿದರೆ ಬಾವಿಯ ಮೇಲಿನ ಭಾರ ಅಷ್ಟಾಗಿ ಹೆಚ್ಚದು. ಸೋಪು, ಪುಡಿ ಬೆರೆತ ನೀರು ಮಾತ್ರ ಬೇಡ. ದಿನವೂ ಆಗದಿದ್ದರೆ ನಾಲ್ಕು ದಿನಕ್ಕೊಮ್ಮೆ 15–20 ಲೀಟರಿನಂತೆ, ದಂಟಿನಿಂದ ಒಂದಡಿ ದೂರದಲ್ಲಿ ಸುತ್ತಲೂ ನಿಧಾನವಾಗಿ ಕೊಡಿ. ನೀರು ಐದೂ ಬುಡಗಳಿಗೆ ಸಾಲುವುದೇ ಇಲ್ಲವೆಂದಾದರೆ ಚೆನ್ನಾಗಿರುವ ಎರಡು ಬುಡಗಳನ್ನು ಆರಿಸಿ ಅವಕ್ಕೆ ಪೂರ್ತಿ ಕೊಡುವುದು ಐದಕ್ಕೂ ಅರೆಬರೆ ಕೊಡುವುದಕ್ಕಿಂತ ಮೇಲು. ಉಳಿದವು ಸಾಯುವುದಿಲ್ಲ, ಆ ವರ್ಷ ಕಾಯಿ ಬಿಡುವುದಿಲ್ಲ ಅಷ್ಟೆ.

ನೀರು ಎಷ್ಟು ಕೊಡುತ್ತೀರೋ ಅದು ಎಷ್ಟು ದಿನ ಉಳಿಯುತ್ತದೆ ಎಂಬುದನ್ನು ತರಗೆಲೆಯ ಹೊದಿಕೆ ತೀರ್ಮಾನಿಸುತ್ತದೆ. ನವೆಂಬರ್ ಕೊನೆಗೆ ಬುಡದ ಸುತ್ತ ಅರ್ಧ ಅಡಿ ದಪ್ಪಕ್ಕೆ ಒಣ ಎಲೆ ಹರಡಿ. ಹಲಸಿನ ಎಲೆ ನಿಧಾನವಾಗಿ ಕೊಳೆಯುವುದರಿಂದ ಬೇಸಿಗೆ ಪೂರ್ತಿ ತಾಳುತ್ತದೆ. ಅದೇ ಮರವನ್ನು ಕಡಿಯುವ ಯೋಚನೆಯಲ್ಲಿ ನೀವಿದ್ದಿರಿ! ಹೊದಿಕೆ ಹಾಕುವಾಗ ದಂಟುಗಳ ಬುಡಕ್ಕೆ ತಾಗದಂತೆ ಅಂಗೈಯಗಲ ಜಾಗ ಬಿಡಿ. ಮೇ ತಿಂಗಳಲ್ಲಿ ಮೊದಲ ಅಡ್ಡಮಳೆ ಬಿದ್ದ ಮೇಲೆ ಆ ಎಲೆಗಳನ್ನು ಬುಡದಿಂದ ಇನ್ನಷ್ಟು ಹೊರಕ್ಕೆ ಎಳೆದುಬಿಡಬೇಕು. ಗೊಂಚಲುಗಳು ಎಲೆಗಳಡಿ ಹೂತಿದ್ದರೆ ಜೇನುನೊಣಗಳಿಗೆ ಹೂ ಸಿಗುವುದಿಲ್ಲ, ಮಳೆ ಹಿಡಿದ ಮೇಲೆ ಅದೇ ಒದ್ದೆ ಹೊದಿಕೆಯ ಕೆಳಗೆ ಕಾಯಿ ಕೊಳೆಯುತ್ತದೆ.

ಇನ್ನು ನೆರಳಿನ ಮಾತು. ಏಲಕ್ಕಿಗೆ ಬೇಕಾದದ್ದು ಬಯಲಿನ ಬೆಳಕಿನ ಅರ್ಧದಷ್ಟು, ಅದೂ ಚೆದುರಿದ ಬೆಳಕು. ಅಳತೆಯ ಉಪಕರಣವೇನೂ ಬೇಡ. ಮೋಡವಿಲ್ಲದ ದಿನ ನಡುಮಧ್ಯಾಹ್ನ ಗಿಡಗಳ ನಡುವೆ ನೆಲ ನೋಡಿ. ಬಿಸಿಲಿನ ಚುಕ್ಕೆಗಳೂ ನೆರಳೂ ಸರಿಸುಮಾರು ಸಮಪಾಲಾಗಿ ಬೆರೆತು, ಗಾಳಿಗೆ ಆ ಚುಕ್ಕೆಗಳು ಅತ್ತಿತ್ತ ಸರಿಯುತ್ತಿದ್ದರೆ ನೆರಳು ಹದವಾಗಿದೆ. ಚುಕ್ಕೆಯೇ ಇಲ್ಲದೆ ನೆಲವೆಲ್ಲ ಒಂದೇ ಸಮನೆ ಕತ್ತಲಾಗಿದ್ದು, ದಂಟುಗಳು ಸಪೂರವಾಗಿ ಉದ್ದಕ್ಕೆ ಬೆಳೆದು ಬೆಳಕಿರುವ ಕಡೆಗೆ ವಾಲಿದ್ದರೆ, ಕಂದುಗಳ ಸಂಖ್ಯೆಯೂ ಕಡಿಮೆಯಿದ್ದರೆ, ಬೆಳಕು ಸಾಲದೆಂದು ತಿಳಿಯಿರಿ. ಇದಕ್ಕೆ ಪ್ರತಿಯಾಗಿ ಎಲೆಗಳು ಪೇಲವ ಹಳದಿಗೆ ತಿರುಗಿ, ಬೇಸಿಗೆಯಲ್ಲಿ ಅಂಚು ಸುಟ್ಟಂತಾದರೆ ಬಿಸಿಲು ಹೆಚ್ಚಾಯಿತೆಂದೇ ಅರ್ಥ.

ನಿಮ್ಮಲ್ಲಿ ಎರಡು ಮಾವು ಮತ್ತು ಒಂದು ಹಲಸು ಇರುವುದರಿಂದ ನೆರಳು ಸ್ವಲ್ಪ ದಟ್ಟವಾಗಿಯೇ ಇರಬಹುದು. ದೋಷ ಹುಡುಕಬೇಕಾದರೆ ಅದು ಹೆಚ್ಚಾಗಿ ಮಾವಿನದು. ಮಾವಿನ ಚಪ್ಪರ ಒತ್ತಾಗಿದ್ದು ಬೆಳಕನ್ನು ತಡೆಯುತ್ತದೆ. ಮೇ ತಿಂಗಳಲ್ಲಿ ಮಾವಿನ ಕೊಯ್ಲು ಮುಗಿಯುತ್ತಿದ್ದಂತೆ ಮೂರು ಮರಗಳ ಕೆಳಗಿನ ಕೊಂಬೆಗಳನ್ನು ತೆಗೆದು ಚಪ್ಪರವನ್ನು ಎತ್ತರಿಸಿ. ನಂತರ ಮಾವಿನ ಒಳಗೊಂಬೆಗಳಲ್ಲಿ ಒತ್ತಾಗಿರುವಲ್ಲಿ ಅಲ್ಲಲ್ಲಿ ಬಿಡಿಸಿ ಬೆಳಕಿಗೆ ಕಿಂಡಿ ಮಾಡಿ. ಮಳೆಗಾಲದ ಮೋಡ ಕವಿದ ದಿನಗಳಲ್ಲಿ ಬೆಳಕು ಹೇಗೂ ಕಡಿಮೆ, ಹೂ ಅರಳಿ ಕಾಯಿ ಕಟ್ಟುವುದೂ ಆಗಲೇ. ಆದ್ದರಿಂದ ಈ ಸವರುವ ಕೆಲಸ ಮಳೆಗೆ ಮುಂಚೆ ಆಗಬೇಕು. ಡಿಸೆಂಬರಿನಲ್ಲಿ ಮಾಡಿದರೆ ಬೇಸಿಗೆಯ ಬಿಸಿಲಿಗೆ ಗಿಡಗಳನ್ನು ಒಡ್ಡಿದಂತಾಗುತ್ತದೆ. ಪಶ್ಚಿಮ ದಿಕ್ಕಿನ ಕೊಂಬೆಗಳನ್ನು ಆದಷ್ಟು ಮುಟ್ಟಬೇಡಿ, ಮಧ್ಯಾಹ್ನದ ನಂತರದ ಇಳಿಬಿಸಿಲನ್ನು ತಡೆಯುವುದು ಅವೇ. ಪೂರ್ವದ ಕಡೆ ಧಾರಾಳವಾಗಿ ಬಿಡಿಸಬಹುದು.

ಬುಡ, ನೀರು, ನೆರಳು ಮೂರೂ ಸರಿಯಾದ ಮೇಲೂ ಹೂ ಬಂದು ಕಾಯಿ ಕಟ್ಟದೆ ಇರಬಹುದು. ಆಗ ನೋಡಬೇಕಾದದ್ದು ಜೇನು. ಏಲಕ್ಕಿಯ ಹೂ ಬೆಳಗಿನ ಜಾವಕ್ಕೇ ಅರಳಿ ಅದೇ ದಿನ ಸಂಜೆಯೊಳಗೆ ಬಾಡುತ್ತದೆ. ಬಿಳಿಯ ಅಗಲ ತುಟಿಯಂಥ ಎಸಳಿನ ಮೇಲೆ ನೇರಳೆ ಗೆರೆಗಳಿರುತ್ತವೆ. ಅವು ನೊಣಕ್ಕೆ ಒಳದಾರಿ ತೋರಿಸುತ್ತವೆ. ಒಂದೇ ಹೂವಿನಲ್ಲಿ ಪರಾಗವೂ ಶಲಾಕೆಯೂ ಇದ್ದರೂ, ಶಲಾಕೆಯ ತುದಿ ಪರಾಗಕೋಶಕ್ಕಿಂತ ತುಸು ಮೇಲಿರುವುದರಿಂದ ಪರಾಗ ತಾನಾಗಿ ಅಲ್ಲಿಗೆ ತಲುಪುವುದಿಲ್ಲ, ಒಯ್ಯಲು ಯಾರಾದರೂ ಬೇಕು. ನಮ್ಮ ಕಾಡುಗಳಲ್ಲಿ ಈ ಕೆಲಸದ ಬಹುಪಾಲನ್ನು ತುಡುವೆ ಮತ್ತು ಹೆಜ್ಜೇನು ಮಾಡುತ್ತವೆ. ಹಿತ್ತಲಿನಲ್ಲಿ ಒಂದು ತುಡುವೆ ಪೆಟ್ಟಿಗೆ ಇಟ್ಟುಕೊಂಡರೆ ಏಲಕ್ಕಿಗೂ ಮಿಕ್ಕ ಗಿಡಗಳಿಗೂ ಅನುಕೂಲ. ಐದೇ ಬುಡಗಳಿರುವ ನಿಮಗೆ ಕೈಯಿಂದ ಪರಾಗಸ್ಪರ್ಶ ಮಾಡುವುದೂ ಕಷ್ಟವಲ್ಲ. ಬೆಳಿಗ್ಗೆ ಎಂಟರಿಂದ ಮಧ್ಯಾಹ್ನದ ಒಳಗೆ, ಮಳೆ ಬಿಟ್ಟ ಹೊತ್ತಿನಲ್ಲಿ, ಚೂಪಾದ ಕಡ್ಡಿಯ ತುದಿಯಿಂದ ಒಂದು ಹೂವಿನ ಪರಾಗವನ್ನು ಸವರಿಕೊಂಡು ಇನ್ನೊಂದು ಬುಡದ ಹೂವಿನ ಶಲಾಕೆಯ ತುದಿಯಲ್ಲಿರುವ ಸಣ್ಣ ಬಟ್ಟಲಿಗೆ ಮುಟ್ಟಿಸಿದರೆ ಸಾಕು. ಬಿಡದೆ ಮಳೆ ಸುರಿಯುವ ವಾರಗಳಲ್ಲಿ ಜೇನು ಹೊರಗೆ ಬಾರದು, ಆಗಿನ ಹೂಗಳು ಬಹುತೇಕ ಉದುರುತ್ತವೆ. ಅದಕ್ಕೆ ಚಿಂತಿಸಬೇಕಿಲ್ಲ, ಗೊಂಚಲು ತಿಂಗಳುಗಟ್ಟಲೆ ಹೂ ಕೊಡುತ್ತಲೇ ಇರುತ್ತದೆ.

ಗೊಬ್ಬರದ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ, ಏಕೆಂದರೆ ನಿಮ್ಮ ಗಿಡಗಳ ಸೊಂಪು ನೋಡಿದರೆ ಕೊರತೆಯಿಲ್ಲ. ವರ್ಷಕ್ಕೊಮ್ಮೆ ಮೇ–ಜೂನ್ ಸುಮಾರಿಗೆ ಬುಡಕ್ಕೆ 5 ಕಿಲೋದಷ್ಟು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಮತ್ತು ಒಂದೆರಡು ಹಿಡಿ ಬೇವಿನ ಹಿಂಡಿ ಸಾಕು. ಅದನ್ನು ದಂಟಿನಿಂದ ಅಡಿ ದೂರದಲ್ಲಿ ಸುತ್ತ ಹರಡಿ, ಅಗೆಯದೆ, ತರಗು ಮುಚ್ಚಬೇಕು. ಹಸಿ ಸಗಣಿ ಬುಡಕ್ಕೆ ಸುರಿಯುವುದು ಬೇಡ.

ರೋಗಗಳಲ್ಲಿ ಎರಡನ್ನು ಮಾತ್ರ ವಿವರಿಸುತ್ತೇನೆ. ಮೊದಲನೆಯದು ಕಟ್ಟೆ ರೋಗ. ಮೂರು ವರ್ಷ ಕಾಯಿಲ್ಲದ ಗಿಡಗಳಲ್ಲಿ ಇದನ್ನು ಪರೀಕ್ಷಿಸದೆ ಬಿಡಬಾರದು. ಇದು ವೈರಸ್ಸಿನಿಂದ ಬರುತ್ತದೆ. ಸುಳಿಯಿಂದ ಆಗತಾನೆ ಬಿಚ್ಚಿಕೊಂಡ ಎಲೆಯನ್ನು ಬೆಳಕಿಗೆ ಎದುರಾಗಿ ಹಿಡಿದು ನೋಡಿ. ನಡುನರದಿಂದ ಅಂಚಿನ ಕಡೆಗೆ, ಪಕ್ಕನರಗಳಿಗೆ ಸಮಾನಾಂತರವಾಗಿ, ತಿಳಿಹಸಿರಿನ ಗೆರೆಗಳು ತುಂಡು ತುಂಡಾಗಿ ಓಡಿದಂತೆ ಕಂಡರೆ ಅದು ಕಟ್ಟೆ. ಎಳೆಯ ದಂಟುಗಳ ಎಲೆಕವಚದ ಮೇಲೂ ಮಚ್ಚೆಗಳು ಕಾಣುತ್ತವೆ. ಬಂದ ಬುಡ ವರ್ಷದಿಂದ ವರ್ಷಕ್ಕೆ ಕುಳ್ಳಾಗುತ್ತಾ ಇಳುವರಿ ನಿಂತುಹೋಗುತ್ತದೆ. ಔಷಧವಿಲ್ಲ, ಗೆಡ್ಡೆ ಸಮೇತ ಕಿತ್ತು ನಾಶಮಾಡುವುದೊಂದೇ ದಾರಿ. ಬೀಜದಿಂದಾಗಲಿ ಮಣ್ಣಿನಿಂದಾಗಲಿ ಇದು ಹರಡುವುದಿಲ್ಲ, ಹರಡುವುದು ರೋಗವಿರುವ ಬುಡದಿಂದ ತಂದ ಕಂದುಗಳಿಂದ ಮತ್ತು ಒಂದು ಬಗೆಯ ಕಂದು ಬಣ್ಣದ ಸಸ್ಯಹೇನಿನಿಂದ. ಆ ಹೇನು ಕೆಸು ಮತ್ತು ಕ್ಯಾಲೇಡಿಯಂ ಗಿಡಗಳಲ್ಲಿಯೂ ಸಂಸಾರ ಹೂಡುತ್ತದೆ. ಹಿತ್ತಲಿನಲ್ಲಿ ಏಲಕ್ಕಿಯ ಪಕ್ಕದಲ್ಲೇ ಕೆಸುವಿನ ಮಡಿಯಿದ್ದರೆ ಅದನ್ನು ಬೇರೆಡೆಗೆ ಒಯ್ಯುವುದು ಒಳ್ಳೆಯದು. ನಿಮ್ಮ ಗಿಡಗಳು ಆಳೆತ್ತರ ಮೀರಿ ಬೆಳೆದಿರುವುದರಿಂದ ಕಟ್ಟೆ ಇರಲಾರದೆಂಬ ಭರವಸೆ ನನಗಿದೆ, ಆದರೂ ಎಲೆ ನೋಡಿ.

ಎರಡನೆಯದು ಮಳೆಗಾಲದ ಕೊಳೆ. ಕಾಯಿಯ ಮೇಲೆ ನೀರಲ್ಲಿ ನೆನೆದಂಥ ಮಚ್ಚೆ ಬಂದು ಕಂದು ಬಣ್ಣಕ್ಕೆ ತಿರುಗಿ ಕೊಳೆತು ಉದುರುವುದು ಫೈಟಾಫ್ತೊರಾ ಎಂಬ ಶಿಲೀಂಧ್ರದಂಥ ಸೂಕ್ಷ್ಮಜೀವಿಯಿಂದ, ದಂಟು ಬುಡದಲ್ಲಿ ಮೆತ್ತಗಾಗಿ ಮುಟ್ಟಿದರೆ ಕಳಚಿಕೊಳ್ಳುವುದು ಗೆಡ್ಡೆ ಕೊಳೆಯಿಂದ. ಎರಡಕ್ಕೂ ಮೊದಲ ಮದ್ದು ಬಸಿಗಾಲುವೆ, ಗಾಳಿಯಾಡುವ ಬುಡ ಮತ್ತು ಹದವಾದ ಬೆಳಕು. ಮುಂಗಾರಿಗೆ ಮುಂಚೆ ಒಮ್ಮೆ, ಆಗಸ್ಟ್ ಹೊತ್ತಿಗೆ ಮಳೆ ಬಿಡುವು ಕೊಟ್ಟಾಗ ಇನ್ನೊಮ್ಮೆ ಶೇಕಡಾ 1ರ ಬೋರ್ಡೊ ದ್ರಾವಣವನ್ನು ಬುಡಕ್ಕೂ ಗೊಂಚಲಿಗೂ ಸಿಂಪಡಿಸಬಹುದು. ಅಡಿಕೆಗೆ ಮದ್ದು ಹೊಡೆಯುವ ನಿಮ್ಮ ಕಡೆಯವರಿಗೆ ಇದನ್ನು ಕಲಿಸಬೇಕಾಗಿಲ್ಲ. ಸಣ್ಣ ಪ್ರಮಾಣದಲ್ಲಿ ಮಾಡುವಾಗ 10 ಲೀಟರಿಗೆ 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್ಟುಗಳಲ್ಲಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಸುರಿಯಬೇಕು. ಉಜ್ಜಿದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದರಲ್ಲಿ ಅದ್ದಿದಾಗ ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣದ ತಿಳಿ ಸೇರಿಸಬೇಕು. ಟ್ರೈಕೊಡರ್ಮಾ ಬೆರೆಸಿದ ಗೊಬ್ಬರ ಹಾಕುವ ರೂಢಿಯಿದ್ದರೆ ಬೋರ್ಡೊ ಬಿದ್ದ ದಿನಗಳಲ್ಲೇ ಹಾಕಬೇಡಿ. ತಾಮ್ರ ಆ ಒಳ್ಳೆಯ ಶಿಲೀಂಧ್ರವನ್ನೂ ಕೊಲ್ಲುತ್ತದೆ.

ಕೀಟಗಳಲ್ಲಿ ಕಾಯಿಯ ಸಿಪ್ಪೆಯ ಮೇಲೆ ಕಜ್ಜಿಯಂಥ ಕಲೆ ಮಾಡುವ ಥ್ರಿಪ್ಸ್ ನುಸಿ ಮತ್ತು ಸುಳಿ ಒಣಗಿಸುವ ಕಾಂಡಕೊರಕ ಮುಖ್ಯವಾದವು. ನುಸಿ ಒಣ ಎಲೆಕವಚಗಳ ಸಂದಿಯಲ್ಲಿ ಅಡಗಿರುವುದರಿಂದ ಬುಡ ಶುಚಿಯಾಗಿದ್ದರೆ ತಾನೇ ಕಡಿಮೆಯಾಗುತ್ತದೆ. ಮನೆಬಳಕೆಯ ಕಾಯಿಗೆ ಸಿಪ್ಪೆಯ ಕಲೆಯಿಂದ ನಷ್ಟವೂ ಇಲ್ಲ. ಕೊರಕ ಹೊಕ್ಕ ದಂಟಿನ ತೂತಿನಿಂದ ಹಿಕ್ಕೆ ಹೊರಬಿದ್ದಿರುತ್ತದೆ, ಆ ಒಂದು ದಂಟನ್ನು ಕತ್ತರಿಸಿ ಸುಡಿ. ಹೂವಿನ ಕಾಲದಲ್ಲಿ ಯಾವುದೇ ಕೀಟನಾಶಕ ಹೊಡೆದರೂ ಮೊದಲು ಸಾಯುವುದು ಜೇನು. ಹಿತ್ತಲಿನ ಐದು ಬುಡಗಳಿಗೆ ಅದರ ಅಗತ್ಯ ನನಗೆ ಕಾಣುವುದಿಲ್ಲ. ಇಲಿ ಮತ್ತು ಅಳಿಲು ಇವೆಲ್ಲಕ್ಕಿಂತ ದೊಡ್ಡ ಪಾಲು ಒಯ್ಯಬಹುದು, ಕಾಯಿ ಬಲಿಯುವ ಹೊತ್ತಿಗೆ ಗಮನವಿರಲಿ.

ಹೂ ಕಾಯಾಗಿ ಬಲಿಯಲು ಸುಮಾರು ನಾಲ್ಕು ತಿಂಗಳು ಹಿಡಿಯುತ್ತದೆ. ಒಂದೇ ಗೊಂಚಲಿನಲ್ಲಿ ಬುಡದ ಕಾಯಿ ಮೊದಲು, ತುದಿಯದು ಕೊನೆಗೆ ಬಲಿಯುವುದರಿಂದ ಎರಡು ಮೂರು ವಾರಗಳಿಗೊಮ್ಮೆ ಆರಿಸಿ ಕೊಯ್ಯಬೇಕು. ಕಾಯಿಯ ಬಣ್ಣ ಕಡುಹಸಿರಿನಿಂದ ತಿಳಿಹಸಿರಿಗೆ ಬಂದು, ಒಂದನ್ನು ಬಿಡಿಸಿ ನೋಡಿದಾಗ ಒಳಗಿನ ಬೀಜ ಕಪ್ಪಾಗಿದ್ದರೆ ಕೊಯ್ಲಿಗೆ ಹದ. ಹಳದಿಯಾಗುವ ತನಕ ಬಿಟ್ಟರೆ ಒಣಗುವಾಗ ಸಿಪ್ಪೆ ಬಿರಿಯುತ್ತದೆ. ಬಿಸಿಲಲ್ಲಿ ಒಣಗಿಸಿದರೆ ಹಸಿರು ಬಣ್ಣ ಹೋಗಿ ಬಿಳಿಚಿಕೊಳ್ಳುತ್ತದೆ, ಪರಿಮಳಕ್ಕೆ ಅಷ್ಟು ಕುಂದಿಲ್ಲ. ಬಣ್ಣ ಉಳಿಯಬೇಕಾದರೆ ನೆರಳಿನಲ್ಲಿ 45ರಿಂದ 50 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ನಿಧಾನವಾಗಿ ಒಣಗಿಸಬೇಕು. ಐದು ಕಿಲೋ ಹಸಿಕಾಯಿಗೆ ಸುಮಾರು ಒಂದು ಕಿಲೋ ಒಣ ಏಲಕ್ಕಿ ಸಿಗುತ್ತದೆ.

ಕೊನೆಯದಾಗಿ ಸಸಿಗಳ ಪ್ರಶ್ನೆ. ಅಡುಗೆಮನೆಯ ಏಲಕ್ಕಿಯಿಂದ ಸಸಿ ಬರುವ ಸಾಧ್ಯತೆ ತೀರಾ ಕಡಿಮೆ. ಆ ಕಾಯಿಗಳು ಬಿಸಿಯಲ್ಲಿ ಒಣಗಿ, ತಿಂಗಳುಗಟ್ಟಲೆ ದಾಸ್ತಾನಿನಲ್ಲಿದ್ದು ಬಂದಿರುತ್ತವೆ, ಏಲಕ್ಕಿ ಬೀಜವಾದರೋ ಬೇಗನೆ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಗಟ್ಟಿ ಸಿಪ್ಪೆಯ ಕಾರಣ ಹೊಸ ಬೀಜವೇ ನಿಧಾನವಾಗಿ ಮೊಳೆಯುತ್ತದೆ. ಬೀಜದಿಂದಲೇ ಮಾಡಬೇಕೆಂದಿದ್ದರೆ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಪೂರ್ತಿ ಹಣ್ಣಾದ ಹಸಿಕಾಯಿ ಬಿಡಿಸಿ, ಬೀಜಕ್ಕೆ ಅಂಟಿರುವ ಸಿಹಿ ಲೋಳೆಯನ್ನು ಬೂದಿ ಹಚ್ಚಿ ತಿಕ್ಕಿ ತೊಳೆದು, ನೆರಳಲ್ಲಿ ಆರಿಸಿ ಕೂಡಲೇ ಬಿತ್ತಬೇಕು. ಸಸಿ ನೆಡಲು ಬರುವಷ್ಟಾಗಲು ವರ್ಷದ ಮೇಲೆ ಹಿಡಿಯುತ್ತದೆ, ನೆಟ್ಟ ಮೇಲೆ ಕಾಯಿಗೆ ಇನ್ನೂ ಎರಡು ಮೂರು ವರ್ಷ. ಬೀಜದ ಸಸಿಗಳು ತಾಯಿಯಂತೆಯೇ ಇರುತ್ತವೆಂಬ ಖಾತ್ರಿಯೂ ಇಲ್ಲ.

ಆದ್ದರಿಂದ ನಿಮ್ಮ ಐದು ಬುಡಗಳಲ್ಲಿ ಮುಂದಿನ ಎರಡು ವರ್ಷ ಯಾವುದು ಚೆನ್ನಾಗಿ ಕಾಯಿ ಬಿಡುತ್ತದೆಂದು ನೋಡಿಕೊಂಡು ಅದನ್ನೇ ಭಾಗ ಮಾಡುವುದು ಉತ್ತಮ. ಒಂದು ಬಲಿತ ದಂಟು ಮತ್ತು ಅದಕ್ಕೆ ಹೊಂದಿಕೊಂಡ ಒಂದು ಬೆಳೆಯುತ್ತಿರುವ ಕಂದು, ಗೆಡ್ಡೆಯ ತುಂಡಿನ ಸಮೇತ, ನೆಡಲು ಸಾಕಾಗುವ ಒಂದು ಘಟಕ. ಮುಂಗಾರು ಹಿಡಿದ ಮೇಲೆ, ಜೂನ್ ನಡುವಿನಲ್ಲಿ, ಒಂದೂವರೆ ಅಡಿ ಗುಂಡಿ ತೆಗೆದು ಮೇಲ್ಮಣ್ಣು ಮತ್ತು ಗೊಬ್ಬರದಿಂದ ಪೂರ್ತಿ ತುಂಬಿಸಿ, ಅದರ ಮೇಲೆ ಅಂಗೈ ಆಳದಷ್ಟೇ ಕೆದರಿ ನೆಡಿ. ಗೆಡ್ಡೆ ಆಳಕ್ಕೆ ಹೋದರೆ ಕೊಳೆಯುತ್ತದೆ. ಗಾಳಿಗೆ ಅಲುಗದಂತೆ ಗೂಟಕ್ಕೆ ಕಟ್ಟಿ, ಬುಡದಿಂದ ಬುಡಕ್ಕೆ ಆರಡಿ ಅಂತರ ಬಿಡಿ. ಹೊರಗಿನಿಂದ ತರುವುದಾದರೆ ಕಟ್ಟೆ ಇಲ್ಲದ ತೋಟವೆಂದು ಕಣ್ಣಾರೆ ನೋಡದೆ ಯಾರದೇ ಕಂದು ತರಬೇಡಿ. ಮಲಬಾರ್ ಬಗೆಯ ಮೂಡಿಗೆರೆ-1, ಮಡಿಕೇರಿ ಸಮೀಪದ ಅಪ್ಪಂಗಳದಲ್ಲಿರುವ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರದಿಂದ ಬಂದ, ಕಟ್ಟೆ ರೋಗವನ್ನು ತಡೆಯುವ ವಿಜೇತ ಮತ್ತು ಗೆಡ್ಡೆ ಕೊಳೆಯನ್ನು ತಡೆಯುವ ಅವಿನಾಶ್ ತಳಿಗಳು ಕರ್ನಾಟಕದ ಮಲೆನಾಡಿನ ಹವೆಗೆ ಒಗ್ಗಿದವು. ಅವುಗಳ ಸಸಿ ಬೇಕಿದ್ದರೆ ಬೇಸಿಗೆಯಲ್ಲೇ ಕೇಳಿ ಕಾಯ್ದಿರಿಸಿಕೊಳ್ಳಿ. ಮಳೆ ಬಿದ್ದ ಮೇಲೆ ಹೋದವರಿಗೆ ಸಾಮಾನ್ಯವಾಗಿ ಉಳಿದಿರುವುದಿಲ್ಲ.